ಬೆನ್ನೆಲುಬಿನ ಲೆಕ್ಕವೂ ಸತ್ಯಾಣುವ್ರತವೂ

ವ್ಯಾಪಾರದಲ್ಲಿ ಮಾರುವವನು ಒಂದು ಬೆಲೆ ಹೇಳುತ್ತಾನೆ, ಕೊಳ್ಳುವವನು ಇಳಿಸಿ ಕೇಳುತ್ತಾನೆ, ಇಬ್ಬರೂ ಒಪ್ಪಿದ ಮೊತ್ತ ಬೆಲೆಯಾಗಿ ನಿಲ್ಲುತ್ತದೆ. ಮನುಷ್ಯನ ಬೆನ್ನೆಲುಬು ಮಾರುವ ವಸ್ತುವಲ್ಲ. ಆದರೂ ಮತ್ತೊಬ್ಬರ ಅಜಾಗರೂಕತೆಯಿಂದ ರಸ್ತೆಯಲ್ಲಿ ಅದು ಮುರಿದಾಗ, ಶಸ್ತ್ರಚಿಕಿತ್ಸೆಯ ತರುವಾಯ ಉಳಿಯುವ ನೋವಿಗೂ ನಷ್ಟಕ್ಕೂ ಹಣದ ರೂಪದಲ್ಲಿ ಒಂದು ಅಂಕಿಯನ್ನು ಕಾಣಿಸಲೇಬೇಕಾಗುತ್ತದೆ. ಆ ಅಂಕಿ ಎಲ್ಲಿಂದ ಬರುತ್ತದೆ? ಅದನ್ನು ಕೇಳುವುದು ಧರ್ಮಸಮ್ಮತವೇ? ಕೇಳುವುದಾದರೆ ಎಷ್ಟು ಕೇಳಬೇಕು? ಈ ಪ್ರಶ್ನೆಗಳು ನಮ್ಮ ಕುಟುಂಬದಲ್ಲಿಯೇ ಎದ್ದುದರಿಂದ, ಆ ಸಂಬಂಧವಾಗಿ ಕಂಡು ಕೇಳಿ ತಿಳಿದ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನನ್ನ ಅಕ್ಕನ ಗಂಡ ವೃತ್ತಿಯಿಂದ ಅಡುಗೆಯವರು. ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಶ್ರಾವಕರ ಮನೆಗಳಲ್ಲಿ ಮದುವೆ, ನಾಮಕರಣ, ವ್ರತದ ಉದ್ಯಾಪನೆಗಳಿಗೆ ಅವರೇ ಅಡುಗೆ ಮಾಡುತ್ತಿದ್ದರು. 2019ರ ನವೆಂಬರಿನ ಒಂದು ಸಂಜೆ ಬಿ.ಟಿ.ಎಂ. ಬಡಾವಣೆಯಲ್ಲಿ ಕೆಲಸ ಮುಗಿಸಿ, ಸಹಾಯಕ ಹುಡುಗನ ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಹೊರವರ್ತುಲ ರಸ್ತೆಯಲ್ಲಿ ಬನಶಂಕರಿಯ ಕಡೆಗೆ ಬರುತ್ತಿದ್ದಾಗ, ಹಿಂದಿನಿಂದ ವೇಗವಾಗಿ ಬಂದ ಕಾರೊಂದು ಸ್ಕೂಟರಿಗೆ ಬಡಿಯಿತು. ಹುಡುಗ ತರಚುಗಾಯಗಳಿಂದ ಪಾರಾದ. ಭಾವನವರ ಸೊಂಟದ ಮೇಲ್ಭಾಗದ ಬೆನ್ನೆಲುಬಿನ ಮಣಿಯೊಂದು ಒಡೆಯಿತು. ವೈದ್ಯರು ಶಸ್ತ್ರಚಿಕಿತ್ಸೆ ನಡೆಸಿ, ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ತಿರುಪುಗಳನ್ನು ಕೂರಿಸಿ, ಲೋಹದ ಎರಡು ಸರಳುಗಳಿಂದ ಬಿಗಿದರು. ದೇವರ ದಯೆಯೆನ್ನಿ, ಶುಭಕರ್ಮವೆನ್ನಿ, ಕಾಲುಗಳ ಶಕ್ತಿ ಉಳಿಯಿತು. ಆಗ ಅವರಿಗೆ 44 ವರ್ಷ.

ಪರಿಹಾರಕ್ಕೆ ಅರ್ಜಿ ಹಾಕುವ ಮಾತು ಬಂದಾಗ ನಮ್ಮ ದೊಡ್ಡಪ್ಪನವರು ಒಪ್ಪಲಿಲ್ಲ. “ಅಸಾತಾವೇದನೀಯ ಕರ್ಮದ ಉದಯವಾಯಿತು, ಅನುಭವಿಸಿ ತೀರಿಸಬೇಕು. ಕೋರ್ಟಿಗೆ ಹೋಗಿ ಯಾರನ್ನು ದೂಷಿಸುತ್ತೀಯಪ್ಪ?” ಎಂದರು. ಭಾವನವರು ಮಲಗಿದ್ದಲ್ಲಿಂದಲೇ, “ಯಾರನ್ನೂ ದೂಷಿಸುವುದಿಲ್ಲ ದೊಡ್ಡಪ್ಪ. ಕಾರು ಓಡಿಸಿದವರನ್ನು ನಾನು ಆಸ್ಪತ್ರೆಯಲ್ಲಿಯೇ ಕ್ಷಮಿಸಿದ್ದೇನೆ. ಆದರೆ ಮಗಳ ಕಾಲೇಜಿನ ಶುಲ್ಕವನ್ನು ಆ ಕ್ಷಮೆಯಿಂದ ಕಟ್ಟುವುದಕ್ಕಾಗುವುದಿಲ್ಲವಲ್ಲ” ಎಂದರು. ದೊಡ್ಡಪ್ಪನವರು ಸುಮ್ಮನಾದರು.

ಈ ಉತ್ತರದಲ್ಲಿ ವಿವೇಕವಿದೆ ಎಂದು ನನಗೆ ತೋರುತ್ತದೆ. ನಮಗೆ ಬಂದ ದುಃಖಕ್ಕೆ ಅಂತರಂಗದಲ್ಲಿ ಕಾರಣವೇನೆಂದು ಕರ್ಮಸಿದ್ಧಾಂತ ಹೇಳುತ್ತದೆ; ದುಃಖವನ್ನುಂಟುಮಾಡಿದವರ ಹೊಣೆಯನ್ನು ಅದು ತೊಡೆದುಹಾಕುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಪ್ರಕರಣವು ಪ್ರತಿಯೊಂದು ವಾಹನಕ್ಕೂ ಮೂರನೆಯವರ ಹಾನಿಯ ವಿಮೆಯನ್ನು ಕಡ್ಡಾಯಗೊಳಿಸಿದೆ. ವಾಹನ ಉಳ್ಳವರೆಲ್ಲರೂ ವರ್ಷವರ್ಷವೂ ಕಟ್ಟುವ ಆ ಹಣ ಇಂತಹ ಗಾಯಾಳುಗಳಿಗಾಗಿಯೇ ಕೂಡಿದ ಹಣ. ಅದರಲ್ಲಿ ತನಗೆ ನ್ಯಾಯವಾಗಿ ಸಲ್ಲುವ ಪಾಲನ್ನು ಕೇಳುವುದರಲ್ಲಿ ದ್ವೇಷವೂ ಇಲ್ಲ, ಲೋಭವೂ ಇಲ್ಲ. ಕೇಳದೆ ಬಿಟ್ಟರೆ ಅದನ್ನು ಅಪರಿಗ್ರಹವೆಂದು ಕರೆಯುವುದೂ ಕಷ್ಟ, ಏಕೆಂದರೆ ಅದರ ಕೊರತೆಯನ್ನು ಅನುಭವಿಸುವವರು ಹೆಂಡತಿ ಮಕ್ಕಳು.

ಇನ್ನು ಲೆಕ್ಕದ ವಿಚಾರ. ಬೆಂಗಳೂರಿನಲ್ಲಿ ಇಂತಹ ಅರ್ಜಿಗಳನ್ನು ಸ್ಮಾಲ್ ಕಾಸಸ್ ಕೋರ್ಟ್ ಎಂದೇ ಜನ ಕರೆಯುವ ಲಘು ವ್ಯವಹಾರಗಳ ನ್ಯಾಯಾಲಯವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ವಿಚಾರಿಸುತ್ತದೆ. ಕಾಯಿದೆಯ 168ನೆಯ ಪ್ರಕರಣದಂತೆ ಅದು ಕೊಡಬೇಕಾದುದು ನ್ಯಾಯಸಮ್ಮತವಾದ ಪರಿಹಾರ. ನ್ಯಾಯಸಮ್ಮತವೆಂದರೆ ಎಷ್ಟು ಎಂಬುದಕ್ಕೆ ಇಂದು ಇಡೀ ದೇಶದಲ್ಲಿ ಬಳಕೆಯಲ್ಲಿರುವ ಕ್ರಮವನ್ನು ಸ್ಪಷ್ಟಪಡಿಸಿದ ಎರಡು ಮುಖ್ಯ ತೀರ್ಪುಗಳನ್ನು ಬರೆದವರು, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದು ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. 2009ರ ಸರಳಾ ವರ್ಮಾ ಪ್ರಕರಣ ವಯಸ್ಸಿಗನುಗುಣವಾದ ಗುಣಕಗಳನ್ನು ಪಟ್ಟಿಮಾಡಿತು. 36ರಿಂದ 40 ವರ್ಷದವರಿಗೆ 15, 41ರಿಂದ 45ರವರಿಗೆ 14, 46ರಿಂದ 50ರವರಿಗೆ 13, ಹೀಗೆ ಇಳಿಯುತ್ತಾ 65 ದಾಟಿದವರಿಗೆ 5. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣ ಗಾಯಾಳುವಿನ ನಷ್ಟವನ್ನು ಬಾಬು ಬಾಬಾಗಿ ವಿಂಗಡಿಸಿತು: ಚಿಕಿತ್ಸೆ, ಔಷಧ, ಓಡಾಟ, ಪೌಷ್ಟಿಕ ಆಹಾರಗಳ ಖರ್ಚು, ಮಲಗಿದ್ದ ತಿಂಗಳುಗಳ ಸಂಪಾದನೆ, ಶಾಶ್ವತ ವೈಕಲ್ಯದಿಂದ ಮುಂದೆ ತಪ್ಪುವ ಸಂಪಾದನೆ, ಮುಂದಿನ ಚಿಕಿತ್ಸೆ, ನೋವು ಮತ್ತು ಯಾತನೆ, ಬಾಳಿನ ಸೌಖ್ಯಗಳ ನಷ್ಟ, ಆಯುಸ್ಸು ಕುಗ್ಗಿದ್ದರೆ ಅದರ ನಷ್ಟ.

ಇವುಗಳಲ್ಲಿ ಸಂಪಾದನೆಯ ನಷ್ಟವೇ ಸಾಮಾನ್ಯವಾಗಿ ದೊಡ್ಡ ಮೊತ್ತ, ತಿಳಿವಳಿಕೆ ತಪ್ಪುವುದೂ ಅಲ್ಲಿಯೇ. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತೆಂದರೆ ಇಂತಿಷ್ಟು ಲಕ್ಷ ಎಂಬ ದರಪಟ್ಟಿಯೇನೂ ಇಲ್ಲ. ವೈದ್ಯರು ದೇಹಕ್ಕೆ ಶೇಕಡಾ ಇಷ್ಟು ವೈಕಲ್ಯವೆಂದು ಹೇಳುತ್ತಾರೆ. ಕೈಕಾಲುಗಳ ವಿಷಯದಲ್ಲಿ ಅವರು ಹೇಳಿದ್ದರ ಮೂರನೆಯ ಒಂದು ಭಾಗವನ್ನು ಇಡೀ ದೇಹದ ವೈಕಲ್ಯವೆಂದು ಹಿಡಿಯುವುದು ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಸಾಮಾನ್ಯ ರೂಢಿ. ಬೆನ್ನೆಲುಬು ಇಡೀ ದೇಹದ ಆಧಾರವಾದ್ದರಿಂದ ಅದರ ಲೆಕ್ಕ ಬೇರೆ. ಆದರೆ ವೈದ್ಯರ ಶೇಕಡಾವಾರು ಕೊನೆಯ ಮಾತಲ್ಲ. ಗಾಯಾಳು ಈಗ ಯಾವ ಕೆಲಸ ಮಾಡಬಲ್ಲ, ಅಪಘಾತಕ್ಕೆ ಮೊದಲು ಅವನ ವೃತ್ತಿ ಯಾವುದಾಗಿತ್ತು, ಆ ವೃತ್ತಿಯಲ್ಲಿ ಅವನು ಮುಂದುವರಿಯಬಲ್ಲನೇ ಎಂದು ನ್ಯಾಯಮಂಡಳಿ ತಾನೇ ಕೇಳಿಕೊಳ್ಳಬೇಕು. 2010ರ ತೀರ್ಪು ಕೊಟ್ಟ ಉದಾಹರಣೆ ಸ್ಪಷ್ಟವಾಗಿದೆ: ಎಡಗೈ ಕಳೆದುಕೊಂಡ ಚಾಲಕನ ಅಥವಾ ಬಡಗಿಯ ಸಂಪಾದನೆ ಬಹುಪಾಲು ಪೂರ್ತಿಯಾಗಿ ಹೋಗುತ್ತದೆ, ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. 2014ರಲ್ಲಿ ಕರ್ನಾಟಕದ ತರಕಾರಿ ಮಾರುವವರೊಬ್ಬರು ಕಾಲು ಕಳೆದುಕೊಂಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ದುಡಿಮೆಯ ನಷ್ಟವನ್ನು ಶೇಕಡಾ 85 ಎಂದು ಹಿಡಿಯಿತು.

ಭಾವನವರ ಬೆನ್ನಿಗೆ ವೈದ್ಯರು ಶೇಕಡಾ 25 ಎಂದು ಬರೆದರು. ಭಾರ ಎತ್ತಬಾರದು, ಬಗ್ಗಬಾರದು, ನೆಲದ ಮೇಲೆ ಕುಳಿತು ಬಹಳ ಹೊತ್ತು ಕೆಲಸ ಮಾಡಬಾರದು ಎಂದರು. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು, “ಅಡುಗೆಯವರು ನಿಂತು ಹೇಳಿದರೆ ಸಹಾಯಕರು ಮಾಡುತ್ತಾರಲ್ಲವೇ?” ಎಂದು ಕೇಳಿದರು. ಭಾವನವರು ತಮ್ಮ ಕೆಲಸವನ್ನು ಇದ್ದಂತೆ ವಿವರಿಸಿದರು. ಬೆಳಗಿನ ಜಾವಕ್ಕೆ ಎದ್ದು ಹಂಡೆಗಟ್ಟಲೆ ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಇನ್ನೂರು ಜನರ ಅನ್ನದ ಕೊಪ್ಪರಿಗೆಯನ್ನು ಇಳಿಸಿ ಬಸಿಯಬೇಕು, ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕಾದ್ದರಿಂದ ಎಲ್ಲವನ್ನೂ ಅವಸರದಲ್ಲಿ ಎತ್ತಿ ಇಡಬೇಕು. ಸಹಾಯಕ ಒಬ್ಬನೇ ಇರುವ ಸಣ್ಣ ಸಮಾರಂಭಗಳೇ ಅವರ ಜೀವನಾಧಾರ. ಆಳುಗಳನ್ನು ಹೆಚ್ಚಿಸಿದರೆ ಕೂಲಿಗೆ ಹೋಗಿ ತಮಗೇನೂ ಮಿಗುವುದಿಲ್ಲ. “ದೊಡ್ಡ ಪಾತ್ರೆ ಎತ್ತಲಾಗದಿದ್ದರೂ ಒಗ್ಗರಣೆ ಹಾಕಬಲ್ಲೆ, ಉಪ್ಪು ಹುಳಿ ನೋಡಬಲ್ಲೆ” ಎಂದೂ ತಾವಾಗಿಯೇ ಸೇರಿಸಿದರು. ಅದನ್ನು ಹೇಳಲೇಬೇಕೆಂದು ಯಾರೂ ಅವರನ್ನು ಕೇಳಿರಲಿಲ್ಲ.

ಅರ್ಜಿ ಹಾಕುವ ಮೊದಲೇ ಎರಡು ಪರೀಕ್ಷೆಗಳು ಎದುರಾಗಿದ್ದವು. ಪರಿಚಿತರೊಬ್ಬರು ಮನೆಗೆ ಬಂದು, ತಿಂಗಳಿಗೆ 35 ಸಾವಿರ ಸಂಬಳವೆಂದು ಒಂದು ಅಂಗಡಿಯ ಪತ್ರವನ್ನೂ, ಶೇಕಡಾ 60ರ ಪ್ರಮಾಣಪತ್ರವನ್ನೂ, ಔಷಧದ ಹೆಚ್ಚಿನ ರಸೀದಿಗಳನ್ನೂ ತಾವೇ ಒದಗಿಸುವುದಾಗಿ ಹೇಳಿದರು. ಅಕ್ಕ ಒಂದೇ ಮಾತು ಕೇಳಿದಳು: “ಆ ಅಂಗಡಿ ಎಲ್ಲಿದೆ ಎಂದು ಅಲ್ಲಿ ಕೇಳಿದರೆ ಇವರು ಏನು ಹೇಳಬೇಕು?” ಬಂದವರು ಎದ್ದು ಹೋದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆಯನ್ನು ಸೃಷ್ಟಿಸುವುದು, ಹೆಸರಿಸಲ್ಪಟ್ಟಿದೆ. ವಿಮಾ ಕಂಪನಿಯ ಹಣಕ್ಕೆ ಒಡೆಯರಿಲ್ಲವೆಂದು ಭಾವಿಸಿ ಇದನ್ನು ಲಘುವಾಗಿ ಕಾಣುವವರಿದ್ದಾರೆ. ಅದರ ಪೆಟ್ಟು ಬೀಳುವುದು ಮುಂದೆ ನಿಜವಾದ ಗಾಯದೊಡನೆ ಬರುವ ಬಡವರ ಮೇಲೆ. ಚಿಕಿತ್ಸೆ ಮಾಡದ ವೈದ್ಯರು ಧಾರಾಳವಾಗಿ ಕೊಡುವ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ, ಸಂಶಯ ಬಂದರೆ ವೈದ್ಯಕೀಯ ಮಂಡಳಿಗೆ ಕಳುಹಿಸಲಿ ಎಂದು 2010ರ ತೀರ್ಪೇ ನ್ಯಾಯಮಂಡಳಿಗಳಿಗೆ ಸೂಚಿಸಿದೆ.

ಎರಡನೆಯ ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದುದು. ಅಪಘಾತಕ್ಕೆ ಎರಡು ವರ್ಷ ಮೊದಲು ಭಾವನವರು ಬೆನ್ನುನೋವಿಗೆ ಔಷಧ ತೆಗೆದುಕೊಂಡಿದ್ದರು. ಆ ಚೀಟಿ ಮನೆಯಲ್ಲಿತ್ತು. ಬೆನ್ನಿನ ಪ್ರಕರಣಗಳಲ್ಲಿ ಇದೇ ಮುಖ್ಯ ವಾದದ ವಿಷಯ. ಎಂ.ಆರ್.ಐ. ತೆಗೆದರೆ ನಡುವಯಸ್ಸಿನ ಬಹಳ ಜನರ ಬೆನ್ನಿನ ಡಿಸ್ಕುಗಳಲ್ಲಿ, ನೋವಿಲ್ಲದವರಲ್ಲಿಯೂ, ಸವೆತ ಕಾಣುತ್ತದೆ. ನೋವೆಲ್ಲವೂ ವಯಸ್ಸಿನದು, ಅಪಘಾತದ್ದಲ್ಲ ಎಂದು ವಿಮಾ ಕಂಪನಿ ವಾದಿಸುತ್ತದೆ. ಚೀಟಿಯನ್ನು ಹರಿದುಹಾಕಿ ಎಂದು ಹಿತೈಷಿಯೊಬ್ಬರು ಸಲಹೆಯಿತ್ತರು. ಭಾವನವರು ಅದನ್ನು ನನ್ನ ಕೈಗಿತ್ತು, “ಇದನ್ನೂ ವಕೀಲರಿಗೆ ಕೊಡು” ಎಂದರು. ಚಿಕಿತ್ಸೆ ಮಾಡಿದ ವೈದ್ಯರು ಅದನ್ನು ನೋಡಿ, ಕೆಳಗಿನ ಡಿಸ್ಕಿನ ಹಳೆಯ ಸವೆತವನ್ನು ತಮ್ಮ ಲೆಕ್ಕದಿಂದ ಹೊರಗಿಟ್ಟರು. ಇಲ್ಲದಿದ್ದರೆ ಅಂಕಿ ಸ್ವಲ್ಪ ಹೆಚ್ಚೇ ಆಗುತ್ತಿತ್ತು. ಸತ್ಯಕ್ಕೆ ಅಷ್ಟು ಬೆಲೆ ತೆರಬೇಕಾಯಿತು. ಸಾಕ್ಷಿಕಟ್ಟೆಯಲ್ಲಿ ಎಂ.ಆರ್.ಐ.ನ ಮಾತು ಬಂದಾಗ ವೈದ್ಯರು, ಒಡೆದ ಮಣಿ ಬೇರೆ, ಸವೆದ ಡಿಸ್ಕು ಬೇರೆ, ಮಣಿ ಒಡೆಯಲು ಪೆಟ್ಟು ಬೇಕು ಎಂದು ಬಿಡಿಸಿ ಹೇಳಿದರು. ಹಳೆಯ ಚೀಟಿ ಆಗಲೇ ಕಡತದಲ್ಲಿದ್ದುದರಿಂದ ಆ ವಾದ ಅಲ್ಲಿಗೆ ನಿಂತಿತು.

ಇನ್ನು ಉಳಿದುದು ಸಂಪಾದನೆಗೆ ಆಧಾರ. ದೇವಾಲಯಗಳ ಟ್ರಸ್ಟಿನವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ. ಭಾವನವರು ಒಂದು ಬಸದಿಯ ಅನ್ನದಾನಕ್ಕೆ ಆರು ವರ್ಷಗಳಿಂದ ಅಡುಗೆ ಮಾಡುತ್ತಿದ್ದರು. ಹಣವನ್ನು ಕೈಗೆ ಕೊಡುತ್ತಿದ್ದರು, ಚೀಟಿ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ‘ಅಡುಗೆ ಖರ್ಚು’ ಎಂದಿತ್ತೇ ಹೊರತು ಯಾರಿಗೆ ಎಂದಿರಲಿಲ್ಲ. ಪತ್ರ ಕೇಳಿದಾಗ ಸಮಿತಿಯ ಕೆಲವರು, ಬರೆದುಕೊಟ್ಟರೆ ನಾಳೆ ಹೊಣೆ ನಮ್ಮ ಮೇಲೆ ಬರಬಹುದೆಂದು ಹಿಂಜರಿದರು. ಕೊನೆಗೆ ಹಿರಿಯ ಸದಸ್ಯರೊಬ್ಬರು, ಕೊಟ್ಟದ್ದನ್ನು ಕೊಟ್ಟಿದ್ದೇವೆಂದು ಹೇಳಲು ಭಯವೇಕೆಂದು ಪತ್ರ ಬರೆದು, ತಾವೇ ಬಂದು ಸಾಕ್ಷಿ ನುಡಿದರು. ಅಕ್ಕ ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಸಮಾರಂಭದ ದಿನ, ಮನೆ, ಮೊತ್ತಗಳನ್ನು ಬರೆದಿಟ್ಟಿದ್ದಳು. ಕಾಗದಪತ್ರ ಇಲ್ಲದ ಮಾತ್ರಕ್ಕೆ ಕೂಲಿಕಾರರ ಮಾತನ್ನು ತಳ್ಳಿಹಾಕಬಾರದೆಂಬುದು ನಿಜ. 2011ರಲ್ಲಿ ನಮ್ಮ ರಾಜ್ಯದ ಕೂಲಿಕಾರರೊಬ್ಬರು ಪ್ರಾಮಾಣಿಕವಾಗಿ ಹೇಳಿದ 4,500 ರೂಪಾಯಿಯ ಮಾಸಿಕ ಆದಾಯವನ್ನು ಸರ್ವೋಚ್ಚ ನ್ಯಾಯಾಲಯ ಹಾಗೆಯೇ ಒಪ್ಪಿತು. ಆದರೆ ಪುರಾವೆ ಇಲ್ಲದಿದ್ದಾಗ ಆಯಾ ವರ್ಷಕ್ಕೆ ಅಂದಾಜು ಮಾಡಿದ ಆದಾಯವನ್ನೇ ಹಿಡಿಯುವುದು ವಾಡಿಕೆ.

ಅಂತಿಮವಾಗಿ ನ್ಯಾಯಮಂಡಳಿ 2023ರಲ್ಲಿ ಭಾವನವರ ಆದಾಯವನ್ನು ತಿಂಗಳಿಗೆ 18,000 ರೂಪಾಯಿ ಎಂದು ಒಪ್ಪಿತು. ಸ್ವಂತ ದುಡಿಮೆಯ, 40ರಿಂದ 50 ವರ್ಷದೊಳಗಿನವರಿಗೆ ಮುಂದಿನ ಏಳಿಗೆಗಾಗಿ ಶೇಕಡಾ 25 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿದೆ. ಗಾಯಾಳುಗಳಿಗೂ ಅದು ಸಲ್ಲುತ್ತದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಹಾಗಾಗಿ 22,500, ವರ್ಷಕ್ಕೆ 2,70,000, ಗುಣಕ 14ರಿಂದ 37,80,000. ವೈದ್ಯರು ಹೇಳಿದ್ದು 25 ಆದರೂ, ವೃತ್ತಿಯನ್ನು ನೋಡಿ ದುಡಿಮೆಯ ನಷ್ಟವನ್ನು ಶೇಕಡಾ 30 ಎಂದು ಹಿಡಿದು, ಆ ಬಾಬಿಗೆ 11,34,000 ರೂಪಾಯಿ. ಆದಾಯವನ್ನು 13,000 ಎಂದು ಅಂದಾಜು ಮಾಡಿದ್ದರೆ ಇದೇ ಲೆಕ್ಕ 8,19,000ಕ್ಕೆ ನಿಲ್ಲುತ್ತಿತ್ತು. ಬರೆದಿಟ್ಟ ನೋಟುಪುಸ್ತಕದ, ಬಸದಿಯ ಒಂದು ಪತ್ರದ ಬೆಲೆ 3,15,000 ರೂಪಾಯಿ. ಆಸ್ಪತ್ರೆಯ ಖರ್ಚು, ಮಲಗಿದ್ದ ತಿಂಗಳುಗಳ ಸಂಪಾದನೆ, ನೋವು, ಮುಂದೆ ತಿರುಪುಗಳನ್ನು ತೆಗೆಸುವುದಾದರೆ ಬೇಕಾಗುವ ಹಣ ಇವು ಪ್ರತ್ಯೇಕವಾಗಿ ಸೇರಿದವು. ಮೊತ್ತದ ಒಂದು ಭಾಗವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಲು ಆದೇಶವಾಯಿತು.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿಗಳು. ಅಪಘಾತಕ್ಕೆ ಗುರಿಯಾದ ಕುಟುಂಬದವರು ಆಸ್ಪತ್ರೆಯ ಬಿಡುಗಡೆಯ ಪತ್ರ, ರಸೀದಿ, ಎಕ್ಸ್-ರೇ, ಹಳೆಯ ಚೀಟಿ ಯಾವುದನ್ನೂ ಎಸೆಯಬಾರದು. ವೈಕಲ್ಯದ ಪತ್ರವನ್ನು ಸಾಧ್ಯವಾದರೆ ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಪಡೆಯಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅಪಘಾತದ ದಿನದಿಂದ 6 ತಿಂಗಳ ಅವಧಿಯನ್ನು ಹೇಳಿರುವುದರಿಂದ ಅಷ್ಟರೊಳಗೆ ಅರ್ಜಿ ಹಾಕುವುದು ಕ್ಷೇಮ. ಬಸದಿಗಳ ಟ್ರಸ್ಟಿನವರು ಅಡುಗೆಯವರು, ಪುರೋಹಿತರು, ಕಸ ಗುಡಿಸುವವರು, ಕಾವಲುಗಾರರು ಎಲ್ಲರಿಗೂ ಕೊಡುವ ಹಣಕ್ಕೆ ಹೆಸರು, ದಿನ, ಮೊತ್ತ ಬರೆದು ರಸೀದಿ ಕೊಡಬೇಕು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪ್ರತಿ ತಿಂಗಳೂ ಐದು ನಿಮಿಷದ ಕೆಲಸವದು. ನಮಗಾಗಿ ಬೆನ್ನು ಬಗ್ಗಿಸಿ ದುಡಿಯುವವರ ಹೆಸರು ನಮ್ಮ ಲೆಕ್ಕದ ಪುಸ್ತಕದಲ್ಲಿ ಇರಲಿ.