ಹಳೆಯ ಸ್ಕೂಟರಿನ ಲಕ್ಷಣಗಳು

ಹೊಗೆಯಿಂದ ಬೆಂಕಿಯನ್ನು ಊಹಿಸಬೇಕೆಂಬುದು ತರ್ಕಶಾಸ್ತ್ರದ ಮಾತಷ್ಟೆ. ಹೊಸಪೇಟೆಯ ನಮ್ಮ ಮನೆಯಲ್ಲಿರುವ ಹಳೆಯ ಬಜಾಜ್ ಚೇತಕ್ ಗಾಡಿಗೂ ಅದೇ ನ್ಯಾಯವು ಸಲ್ಲುವುದು. 1972ರಲ್ಲಿ ಹೊರಬಂದ ಈ ಜಾತಿಯ ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಸ್ನೇಹವು. ಲೀಟರಿಗೆ 20 ಮಿಲಿಲೀಟರು ಬೇಕು. ಅದು ಕಡಮೆಯಾದರೆ ಪಿಸ್ಟನ್ ಕಾದು ಹಿಡಿದುಕೊಂಡು ಚಕ್ರವೇ ನಿಲ್ಲುವುದು. ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಸಂಡೂರಿನ ಬೆಟ್ಟದ ದಾರಿಯಲ್ಲಿ ಹೋಗುವ ನಮಗೆ ಇದು ಪ್ರಾಣದ ಮಾತು. ಆಗ ಒಡನೆಯೇ ಕ್ಲಚ್ಚನ್ನು ಹಿಡಿಯಬೇಕು.

ಗೃಹಸ್ಥರು ಆಗಾಗ ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು. ಕಂದುಬಣ್ಣವು ಆರೋಗ್ಯದ ಗುರುತು. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಗಾಳಿ ಕಡಮೆ. ಅದಿರಿನ ಕೆಂಧೂಳಿನ ನಮ್ಮ ಸೀಮೆಯಲ್ಲಿ ಮೊದಲು ಏರ್ ಫಿಲ್ಟರನ್ನು ಶುದ್ಧಿಮಾಡಬೇಕು. ಬಿಳಿಚಿದ್ದರೆ ಪೆಟ್ರೋಲು ಸಾಲದೆಂದರಿತು ಕಾರ್ಬ್ಯುರೇಟರಿನ ಜೆಟ್ಟನ್ನು ಊದಬೇಕು.

ಕಾರಣವನ್ನರಿಯದೆ ಒದೆಯುವುದರಿಂದ ಗಾಡಿಯೂ ಏಳದು, ವಿದ್ಯಾರ್ಥಿಯೂ ಕಲಿಯನು.