ಯಾವ ಹಲ್ಲಿಗೆ ಯಾವ ಜಿಡ್ಡು

ರಿಮೋಟ್ ಕಾರು ಓಡಿಸುವುದು ಬ್ಯಾಟರಿ ಇರುವಷ್ಟು ಹೊತ್ತಿನ ಸುಖ. ಅದನ್ನು ಬಿಚ್ಚಿ, ಹಳೇ ಪೇಪರಿನ ಮೇಲೆ ಹರವಿಕೊಂಡು, ಯಾವ ಗೇರಿಗೆ ಯಾವ ಜಿಡ್ಡು ಎಂದು ಲೆಕ್ಕ ಹಾಕುತ್ತ ಕೂರುವುದಕ್ಕೆ ಚಾರ್ಜಿನ ಹಂಗಿಲ್ಲ. ಸಾಲಾಗಿ ನಿಂತ ಎಣ್ಣೆ ಬಾಟಲಿಗಳನ್ನು ನೋಡಿ ಮನೆಯವರು ‘ಮೂಗಿಗಿಂತ ಮೂಗುತಿ ಭಾರ’ ಅನ್ನುತ್ತಾರೆ. ಅನ್ನಲಿ.

ನನ್ನದು ಎಂಟನೇ ಒಂದು ಅಳತೆಯ ಎಲೆಕ್ಟ್ರಿಕ್ ಬಗ್ಗಿ, ಮಣ್ಣಿನಲ್ಲಿ ಹಾರಿ ಬೀಳುವ ಜಾತಿ. ಮೋಟರಿನ ಪಿನಿಯನ್ನು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರು ಎರಡೂ ಬಯಲಲ್ಲೇ ಇವೆ. ಹೊಸಬರು ಗ್ರೀಸ್ ಡಬ್ಬಿ ಹಿಡಿದು ಮೊದಲು ಹೋಗುವುದು ಅಲ್ಲಿಗೇ. ಅಲ್ಲಿ ಏನೂ ಹಚ್ಚಕೂಡದು. ಜಿಡ್ಡಿಗೆ ದೂಳು ಕೂತರೆ ಅದೇ ಹಲ್ಲನ್ನು ಅರೆದುಹಾಕುತ್ತದೆ. ಬ್ರಷ್ಷಿನಲ್ಲಿ ಗುಡಿಸಿ ಬಿಟ್ಟರಾಯಿತು.

ಮುಚ್ಚಿದ ಗೇರ್‌ಬಾಕ್ಸಿನ ಒಳಗೆ ಮಾತ್ರ ಉಕ್ಕಿಗೆ ಉಕ್ಕು ತಿಕ್ಕುತ್ತದೆ. ತೆಳು ಗ್ರೀಸಾದರೆ ವೇಗಕ್ಕೆ ಸಿಡಿದು ಗೋಡೆಗೆ ಅಂಟಿಕೊಂಡು ಹಲ್ಲು ಬರಿದಾಗುತ್ತದೆ. ಎರಡು ಬೆರಳಿನ ನಡುವೆ ಒತ್ತಿ ಬಿಟ್ಟರೆ ಎಳೆ ಬರುವಂಥ ಅಂಟು ಬೇಕು. ನಾನು ಹಾಕುವುದು ಲಿಥಿಯಂ ಗ್ರೀಸ್. ಅದರಲ್ಲಿ ಎಣ್ಣೆಯನ್ನು ಹಿಡಿದಿಡುವ ಸೋಪು ಹೆಚ್ಚಾಗಿ ತಯಾರಾಗುವುದು ಹರಳೆಣ್ಣೆಯಿಂದ. ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯೂ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದು. ಗಾಡಿ ಮೊಳದುದ್ದಕ್ಕೆ ಕುಗ್ಗಿದರೂ ಹರಳು ಅದನ್ನು ಬಿಟ್ಟಿಲ್ಲ!

ನನ್ನ ಜೀವವೆಲ್ಲ ಇರುವುದು, ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗೆ. ಅಲ್ಲಿಗೆ ತುಂಬುವ ಸಿಲಿಕೋನ್ ಎಣ್ಣೆಯನ್ನು ಜಾರಲಿ ಎಂದು ಆರಿಸುವುದಿಲ್ಲ, ತಡೆಯಲಿ ಎಂದು ಆರಿಸುತ್ತೇವೆ. ಅದು ಎಷ್ಟು ಮಂದ ಎಂಬುದಕ್ಕೆ ಸೆಂಟಿಸ್ಟೋಕ್ಸ್ ಲೆಕ್ಕ. ನೀರು ಸುಮಾರು 1. ನನ್ನ ಬಗ್ಗಿಯ ಮುಂದಿನ ಡಿಫ್‌ಗೆ 5000, ನಡುವಿನದಕ್ಕೆ 7000, ಹಿಂದಿನದಕ್ಕೆ 3000. ಏಳು ಸಾವಿರದ್ದು ಬಾಟಲಿಯಿಂದ ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ನಡುವಿನದು ತೀರಾ ತೆಳುವಾದರೆ, ಥ್ರಾಟಲ್ ಒತ್ತಿದೊಡನೆ ಮೂತಿ ಹಗುರಾಗಿ ಮುಂದಿನ ಚಕ್ರಗಳು ಸುಮ್ಮನೆ ಗಿರಗಿರ ಸುತ್ತುತ್ತವೆ, ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಮಂದ ಮಾಡಿದರೆ ಹಿಂದೆ ಮುಂದೆ ಒಟ್ಟಿಗೆ ನೆಲ ಕಚ್ಚಿ ಚಂಗನೆ ಹಾರುತ್ತದೆ, ಆದರೆ ಉಬ್ಬುತಗ್ಗಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ.

ತುಂಬುವುದಕ್ಕೂ ತಾಳ್ಮೆ ಬೇಕು. ಒಳಗಿನ ಅಡ್ಡಪಿನ್ನು ಮುಳುಗಿದರೆ ಸಾಕು; ಬಿಸಿಯಾದ ಎಣ್ಣೆ ಹಿಗ್ಗಲು ಜಾಗ ಬಿಡಬೇಕು. ಹುಯ್ದು ತಕ್ಷಣ ಮುಚ್ಚುವಂತಿಲ್ಲ. ಬೆರಳಲ್ಲಿ ಗೇರನ್ನು ಮೆಲ್ಲಗೆ ತಿರುವಿದರೆ ಹಲ್ಲಿನ ಸಂದಿಯಿಂದ ಪುಟ್ಟ ಗುಳ್ಳೆಯೊಂದು ಬಿಡಿಸಿಕೊಂಡು ಹೊರಡುತ್ತದೆ. ಅರ್ಧ ದಾರಿಗೆ ಬಂದು ನಿಂತೇ ಬಿಟ್ಟಿತೇನೋ ಅನ್ನಿಸುತ್ತದೆ. ಮೇಲೆ ಬಂದ ಮೇಲೂ ಒಡೆಯಲು ಅದಕ್ಕೆ ಮನಸ್ಸಿಲ್ಲ. ಅಷ್ಟರಲ್ಲಿ ಬೇರಿಂಗುಗಳಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು ಮುಗಿಸಬಹುದು.

ಈಗ ಮಳೆಗೆ ನಮ್ಮ ಮೈದಾನ ಕೆಸರಾಗಿದೆ, ಹಿಡಿತ ಸಾಲದು. ನೆಲ ಒಣಗಿ ಗಟ್ಟಿಯಾಗಲಿ, ನಡುವಿನದಕ್ಕೆ 10000 ಹಾಕಿ ನೋಡುವುದಿದೆ.