ಹನ್ನೊಂದು ತಿಂಗಳ ಕಾಗದ, ಮೂವರ ಮನೆ

ಕಾಗವಾಡದಲ್ಲಿ ಬಸ್ಸು ಹತ್ತಿ, ಟಿಕೆಟ್ ತೆಗೆಸಿ, ಚಿಲ್ಲರೆ ಎಣಿಸಿಕೊಳ್ಳುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ. ಅಥಣಿ, ರಾಯಬಾಗ, ಕಾಗವಾಡದ ಜನಕ್ಕೆ ಮಿರಜ ಎಂದೂ ಪರವೂರು ಅನ್ನಿಸಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಡಾ. ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಈ ಭಾಗದ ಎಷ್ಟೋ ಮನೆಗಳಲ್ಲಿ ದೊಡ್ಡ ಬ್ಯಾನಿ ಅಂದರೆ ಮಿರಜದ ದವಾಖಾನೆ ಅಂತಲೇ ಲೆಕ್ಕ. ಅಜ್ಜ ಔಷಧಕ್ಕೆ ಹೋದ ಊರಿಗೆ ಮೊಮ್ಮಗಳು ಈಗ ನರ್ಸಿಂಗ್ ಕಲಿಯಲು ಹೋಗುತ್ತಾಳೆ. ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಇನ್ನಿಬ್ಬರು ಗೆಳತಿಯರನ್ನು ಕೂಡಿಸಿಕೊಂಡು ಎರಡು ಕೋಣೆಯ ಮನೆ ಹಿಡಿಯುತ್ತಾಳೆ.

ಮನೆ ನೋಡುವಾಗ ಭಾಷೆಯ ತೊಡಕು ಯಾರಿಗೂ ಇರುವುದಿಲ್ಲ. ಮಾಲೀಕರು ಕಾಕಾ, ಅವರ ಹೆಂಡತಿ ಕಾಕು. ನೀರು ಎಷ್ಟು ಹೊತ್ತು ಬರುತ್ತದೆ, ಗ್ಯಾಸ್ ಸಿಲಿಂಡರ್ ಯಾರದು, ರಾತ್ರಿ ಗೇಟಿಗೆ ಎಷ್ಟು ಗಂಟೆಗೆ ಕೀಲಿ ಬೀಳುತ್ತದೆ ಎಲ್ಲವೂ ಮರಾಠಿಯಲ್ಲಿ ಸರಾಗ. ಹುಡುಗಿಯ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಕಾಕಾ ಮರಾಠಿಯಲ್ಲಿ ಉತ್ತರಿಸುತ್ತಾರೆ, ಇಬ್ಬರೂ ನಗುತ್ತಾರೆ, ಚಹಾ ಬರುತ್ತದೆ. ಆಮೇಲೆ ಏಜೆಂಟ್ ಲ್ಯಾಪ್‌ಟಾಪ್ ತೆರೆದು, ಬೆರಳಚ್ಚಿನ ಯಂತ್ರ ಮುಂದಿಟ್ಟು, "ಅಂಗಠಾ ದ್ಯಾ" ಅನ್ನುತ್ತಾನೆ. ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ. ಪರದೆಯ ಮೇಲಿರುವ ಎಂಟ್ಹತ್ತು ಪುಟ ಓದಿದವರು ಯಾರೂ ಇಲ್ಲ.

ಮರಾಠಿ ಒಂದಕ್ಷರ ಬಾರದ ಮಂಗಳೂರಿನ ಹುಡುಗಿಯಾಗಿದ್ದರೆ ಯಾರನ್ನಾದರೂ ಹಿಡಿದು ಓದಿಸಿ ಕೇಳುತ್ತಿದ್ದಳೇನೋ. ಗಡಿಯವರಿಗೆ ಆ ಸಂಕೋಚವೇ ಇಲ್ಲ. ಸಂತೆಯ ಮರಾಠಿ, ಸಿನಿಮಾದ ಮರಾಠಿ, ಬೀಗರ ಮನೆಯ ಮರಾಠಿ ಬರುವವರು ಕರಾರಿನ ಮರಾಠಿಯೂ ಬರುತ್ತದೆ ಅಂದುಕೊಂಡಿರುತ್ತಾರೆ. ಬಾರದು ಎಂದು ಒಪ್ಪಿಕೊಳ್ಳಲು ನಾಚಿಕೆ ಬೇರೆ. "ಏನ ಬರದಾರ ಅಂತ ಕೇಳಿದ್ರ ಕಾಕಾ ಬ್ಯಾಸರ ಮಾಡ್ಕೋತಾರ" ಎಂಬುದು ಅದರ ಮೇಲಿನ ಹೊದಿಕೆ. ಮಹಾಜನ ಆಯೋಗದ 1967ರ ವರದಿಯಲ್ಲಿ ಯಾವ ಹಳ್ಳಿ ಎತ್ತ ಹೋಗಬೇಕಿತ್ತು ಎಂದು ತಾಸುಗಟ್ಟಲೆ ವಾದಿಸಬಲ್ಲ ಜನ, ಮಗಳ ಮನೆ ಕರಾರಿನ ಎರಡನೇ ಪುಟ ತಿರುಗಿಸುವುದಿಲ್ಲ.

ಈ ಧೈರ್ಯಕ್ಕೆ ಇನ್ನೊಂದು ಕಾರಣ ನಮ್ಮ ಕಡೆಯ ರೂಢಿ. ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಮನೆ ಬಾಡಿಗೆಗೆ ಕೊಟ್ಟರೆ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆಸಿ, ನೋಟರಿಯ ಮುದ್ರೆ ಹೊಡೆಸಿ, ಕಪಾಟಿನಲ್ಲಿ ಇಟ್ಟರೆ ಮುಗಿಯಿತು. ಹನ್ನೊಂದೇ ಯಾಕೆ ಅಂದರೆ 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಮಾಡುತ್ತದೆ; ಒಂದು ತಿಂಗಳು ಕಡಿಮೆ ಬರೆದರೆ ಆ ತಾಪತ್ರಯ ತಪ್ಪುತ್ತದೆ. ಆದರೆ ದೂಧಗಂಗೆ ದಾಟಿ ಕಾಗಲಕ್ಕೆ ಹೋದರೆ ಈ ಜಾಣತನ ನಡೆಯದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಡಿಗೆ ಕರಾರು, ಲೀವ್ ಅಂಡ್ ಲೈಸೆನ್ಸ್ ಕರಾರು, ಯಾವುದೇ ಇರಲಿ, ಎಷ್ಟೇ ತಿಂಗಳದ್ದಿರಲಿ, ಬರಹದಲ್ಲಿರಬೇಕು ಮತ್ತು ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗಿನ ಸಜೆ, ಇಲ್ಲವೇ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಅಷ್ಟೇ ಅಲ್ಲ, ನೋಂದಣಿಯಿಲ್ಲದ ಕರಾರಿನ ಷರತ್ತುಗಳ ಬಗ್ಗೆ ತಕರಾರು ಬಂದರೆ, ಬೇರೆ ರೀತಿ ರುಜುವಾತಾಗುವವರೆಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ.

ಹೀಗಾಗಿ "ನೀವು ಮನಿಯವರ ಇದ್ದಂಗ, ರಿಜಿಸ್ಟರ್ ಯಾಕ ಬೇಕು" ಎಂದು ಯಾರಾದರೂ ಅಂದರೆ ಅದರಲ್ಲಿ ಹೆಚ್ಚು ಅಪಾಯ ಹೇಳಿದವರಿಗೇ. ಕೋರ್ಟಿನ ಮೆಟ್ಟಿಲು ಹತ್ತುವ ಪುರುಸೊತ್ತು ಪರೀಕ್ಷೆಯ ಹುಡುಗಿಯರಿಗೆ ಎಲ್ಲಿ ಇರುತ್ತದೆ ಎಂಬುದು ಮಾತ್ರ ಬೇರೆ ಪ್ರಶ್ನೆ.

ಖರ್ಚು ಹೆದರುವಷ್ಟಿಲ್ಲ. ತಿಂಗಳಿಗೆ 12,000 ಬಾಡಿಗೆ, 40,000 ಡಿಪಾಸಿಟ್ ಎಂದು ಹಿಡಿಯೋಣ. ಹನ್ನೊಂದು ತಿಂಗಳ ಬಾಡಿಗೆ 1,32,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇಕಡಾ 10ರ ಲೆಕ್ಕದ ಬಡ್ಡಿ ಮೂರುಸಾವಿರದ ಚಿಲ್ಲರೆ. ಎರಡನ್ನೂ ಕೂಡಿಸಿ ಅದರ ಶೇಕಡಾ 0.25ರಷ್ಟು ಮುದ್ರಾಂಕ ಶುಲ್ಕ ಅಂದರೆ ನಾಲ್ಕುನೂರು ದಾಟುವುದಿಲ್ಲ. ಸಾಂಗಲಿ-ಮಿರಜ ಮಹಾನಗರಪಾಲಿಕೆಯ ಹದ್ದಿನಲ್ಲಿ ನೋಂದಣಿ ಶುಲ್ಕ 1,000, ಹಳ್ಳಿಯಲ್ಲಾದರೆ 500. ಉಳಿದದ್ದರಲ್ಲಿ ಹೆಚ್ಚಿನದು ಏಜೆಂಟನ ಕೂಲಿ, ಅದಕ್ಕೆ ಮಾತ್ರ ಸರ್ಕಾರಿ ದರಪಟ್ಟಿ ಹುಡುಕಬಾರದು.

ನೋಂದಣಿಯಾದ ಮೇಲೆ ಕೈಗೆ ಬರುವ ಕಾಗದಗಳಲ್ಲಿ ಸೂಚಿ ಕ್ರಮಾಂಕ 2 ಎಂಬ ಒಂದು ಹಾಳೆ ಇರುತ್ತದೆ. ಹೆಸರುಗಳು, ಮನೆಯ ವಿಳಾಸ, ಬಾಡಿಗೆ, ಡಿಪಾಸಿಟ್, ಅವಧಿ ಎಲ್ಲ ಅದರಲ್ಲಿ ಮರಾಠಿಯಲ್ಲಿ ಅಡಕ. ಹತ್ತು ಪುಟ ಓದಲಾಗದವರು ಇದೊಂದನ್ನಾದರೂ ಅಕ್ಷರ ಹಿಡಿದು ಓದಬೇಕು. ಬೆಳಗಾವಿ ಜಿಲ್ಲೆಯ ಆಧಾರ್ ಕಾರ್ಡಿನಲ್ಲಿ ಹೆಸರು ಕನ್ನಡ ಮತ್ತು ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷಿನಿಂದ ದೇವನಾಗರಿಗೆ ಹೋಗುವ ದಾರಿಯಲ್ಲಿ ಅಡ್ಡಹೆಸರು ಗುರುತು ಸಿಗದಂತಾದ ಉದಾಹರಣೆ ಗಡಿಯ ಪ್ರತಿ ಊರಿನಲ್ಲೂ ಸಿಕ್ಕೀತು.

ಲೀವ್ ಅಂಡ್ ಲೈಸೆನ್ಸ್ ಎಂದರೆ ಬಾಡಿಗೆಯೇ ಅಲ್ಲವೇ ಎಂದು ಅಪ್ಪಂದಿರು ಕೇಳುತ್ತಾರೆ. ದುಡ್ಡು ಕೊಡುವವರಿಗೆ ಎರಡೂ ಒಂದೇ, ಕಾನೂನಿಗೆ ಅಲ್ಲ. ಗುತ್ತಿಗೆಯಲ್ಲಿ ಮನೆಯ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಪರವಾನಗಿಯಲ್ಲಿ ಇರಲು ಅನುಮತಿ ಅಷ್ಟೇ. ದೆಹಲಿಯ ಇಂಪೀರಿಯಲ್ ಹೋಟೆಲಿನೊಳಗಿನ ಕೇಶಾಲಂಕಾರದ ಅಂಗಡಿಯೊಂದರ ಪ್ರಕರಣದಲ್ಲಿ, 1959ರಲ್ಲೇ ಸುಪ್ರೀಂ ಕೋರ್ಟು ಕಾಗದದ ತಲೆಬರಹ ನೋಡಿ ತೀರ್ಮಾನಿಸಬಾರದು, ಒಳಗಿನ ತಿರುಳು ನೋಡಬೇಕು ಎಂದಿತ್ತು. ಆದರೆ ಮಹಾರಾಷ್ಟ್ರದ ಕಾಯ್ದೆಯ 24ನೇ ಕಲಮು ಬಿಗಿಯಾಗಿದೆ. ವಾಸಕ್ಕೆ ಪರವಾನಗಿ ಪಡೆದವರು ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಬಾಡಿಗೆಯ ಎರಡರಷ್ಟು ದರದಲ್ಲಿ ನಷ್ಟ ತುಂಬಬೇಕು. ಪರವಾನಗಿ ಕರಾರು ಬರಹದಲ್ಲಿದ್ದರೆ ಅದರಲ್ಲಿ ಹೇಳಿದ ಸಂಗತಿಗೆ ಆ ಬರಹವೇ ಅಂತಿಮ ಸಾಕ್ಷ್ಯ. "ಪರೀಕ್ಷಾ ಮುಗಿಯೂಮಟಾ ಇರ್ರಿ ಅಂತ ಕಾಕಾನ ಹೇಳಿದ್ರು" ಎಂಬ ಮಾತು, ಕಾಕಾ ನಿಜವಾಗಿ ಹೇಳಿದ್ದರೂ, ಅಲ್ಲಿ ನಿಲ್ಲುವುದು ಕಷ್ಟ.

ಇಷ್ಟು ಒಬ್ಬರೇ ಮನೆ ಹಿಡಿದರೂ ಇರುವ ಸಂಗತಿ. ಮೂವರು ಸೇರಿ ಹಿಡಿದಾಗ ಏಳುವ ಪ್ರಶ್ನೆಗಳು ಬೇರೆ, ಅವುಗಳ ಉತ್ತರ ಬಾಡಿಗೆ ಕಾಯ್ದೆಯಲ್ಲಿಲ್ಲ. ಅದು ಇರುವುದು 1872ರ ಕರಾರು ಕಾಯ್ದೆಯಲ್ಲಿ.

ಮೂವರೂ ತಲಾ 4,000 ಹಾಕಿ 12,000 ಕೊಡುತ್ತಿದ್ದಾರೆ. ಮೂವರ ಹೆಸರೂ ಕರಾರಿನಲ್ಲಿದೆ. ನಾಲ್ಕನೇ ತಿಂಗಳಿಗೆ ಒಬ್ಬಳಿಗೆ ಬೆಳಗಾವಿಯಲ್ಲೇ ಸೀಟು ಸಿಕ್ಕಿ ಹೊರಟುಬಿಡುತ್ತಾಳೆ. ಉಳಿದ ಇಬ್ಬರು ತಮ್ಮ ಪಾಲಿನ 8,000 ಹಿಡಿದು ಮಾಲೀಕರ ಮುಂದೆ ನಿಂತರೆ ಅವರು ಪೂರ್ತಿ 12,000 ಕೇಳಬಹುದೇ? ಕೇಳಬಹುದು. ಹಲವರು ಒಟ್ಟಾಗಿ ಮಾತು ಕೊಟ್ಟಾಗ, ಬೇರೆ ರೀತಿ ಸ್ಪಷ್ಟವಾಗಿ ಒಪ್ಪಿಕೊಂಡಿರದಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲು ಮಾಡಬಹುದು ಎನ್ನುತ್ತದೆ ಆ ಕಾಯ್ದೆಯ 43ನೇ ಕಲಮು. ಕಾಯ್ದೆ ಬರೆದವರು ಇದಕ್ಕೆ ಕೊಟ್ಟ ಉದಾಹರಣೆಗಳು ಇಂದಿನ ಮಿರಜದ ಬಾಡಿಗೆ ಮನೆಗೇ ಬರೆದಂತಿವೆ. ಮೂವರು ಸೇರಿ ಒಬ್ಬನಿಗೆ 3,000 ರೂಪಾಯಿ ಕೊಡುವುದಾಗಿ ಒಪ್ಪಿದ್ದಾರೆ. ಒಬ್ಬನಿಗೆ ಏನೂ ಕೊಡಲಾಗುವುದಿಲ್ಲ, ಇನ್ನೊಬ್ಬನ ಕೈಯಿಂದಲೇ ಮೂರು ಸಾವಿರವೂ ವಸೂಲಾಗುತ್ತದೆ. ಆಗ ಕೊಟ್ಟವನು ಉಳಿದ ಒಬ್ಬನಿಂದ 1,500 ಪಡೆಯಬಹುದು. ಅಂದರೆ ಕೈ ಎತ್ತಿದವನ ಪಾಲು ಇದ್ದವರಿಬ್ಬರ ತಲೆಯ ಮೇಲೆ ಸಮನಾಗಿ ಬೀಳುತ್ತದೆ. ನೂರೈವತ್ತು ವರ್ಷ ದಾಟಿದ ಆ ಲೆಕ್ಕ ಇಂದಿಗೂ ಹಾಗೇ ಇದೆ.

44ನೇ ಕಲಮು ಇನ್ನೊಂದು ಗಂಟು. ಹೊರಟವಳಿಗೆ ಕಾಕಾ ದೊಡ್ಡ ಮನಸ್ಸಿನಿಂದ "ಹೋಗು ಬಾಳಾ, ನಿನ್ನ ಲೆಕ್ಕ ಮುಗೀತು" ಎಂದರೂ ಉಳಿದವರ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ. ಹೊರಟವಳು ಗೆಳತಿಯರಿಗೆ ಕೊಡಬೇಕಾದ ಪಾಲೂ ತಪ್ಪುವುದಿಲ್ಲ. ಮೊದಲೇ ಅವರವರ ಪಾಲಿಗೆ ಅವರವರೇ ಹೊಣೆ ಎಂದು ಕರಾರಿನಲ್ಲಿ ಬರೆಸಿದರೆ ಮಾತು ಬೇರೆ. ಬಹಳ ಮಾಲೀಕರು ಅದಕ್ಕೆ ಒಪ್ಪುವುದಿಲ್ಲ, ಒಪ್ಪದಿರುವುದು ಅವರ ದೃಷ್ಟಿಯಿಂದ ಸರಿಯೂ ಹೌದು. ಕೇಳಿ ನೋಡುವುದಕ್ಕೆ ಅಡ್ಡಿಯಿಲ್ಲ.

ಒಬ್ಬಳ ಹೆಸರಿನಲ್ಲಷ್ಟೇ ಕರಾರು ಮಾಡಿ, ಉಳಿದವರನ್ನು ಜೊತೆಗಿರುವವರು ಎಂದು ಬಿಡುವ ರೂಢಿಯೂ ಇದೆ. ಏಜೆಂಟನಿಗೆ ಹೆಬ್ಬೆರಳಿನ ಕೆಲಸ ಕಡಿಮೆ. ಆಗ ಎಲ್ಲ ಹೊಣೆ ಹೆಸರಿದ್ದವಳ ಮೇಲೆ. ಹೆಸರಿಲ್ಲದವರಿಗೆ ಹೊಣೆಯೂ ಇಲ್ಲ, ಡಿಪಾಸಿಟ್ ವಾಪಸ್ ಕೇಳುವ ಆಧಾರವೂ ಇಲ್ಲ. ಹದಿನೆಂಟು ತುಂಬದವಳ ಹೆಸರಿನಲ್ಲಂತೂ ಕರಾರು ಆಗುವುದೇ ಇಲ್ಲ, ಅಲ್ಲಿ ಅಪ್ಪನೋ ಅವ್ವನೋ ತಮ್ಮ ಹೆಸರಿನಲ್ಲಿ ಮಾಡಬೇಕು.

ಪುಣೆಯ ಹಿಂಜವಡಿಗೆ ಕೆಲಸಕ್ಕೆ ಹೋಗುವ ಜತ್ತ, ಅಕ್ಕಲಕೋಟೆಯ ಹುಡುಗರ ಕಥೆಯೂ ಇದೇ, ಭಾಷೆ ಮಾತ್ರ ಅದಲುಬದಲು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿಯನ್ನೂ ಚೆನ್ನಾಗಿ ಬಲ್ಲ ಇವರ ಕೈಗೆ ಬರುವುದು ಬಹುಪಾಲು ಇಂಗ್ಲಿಷ್ ಕರಾರು. ಮೊದಲ ಆರು ತಿಂಗಳು ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಲಾಗುವುದು ಎಂಬ ಷರತ್ತು ಅದರ ಮಧ್ಯದ ಪುಟದಲ್ಲೆಲ್ಲೋ ಇರುತ್ತದೆ. ಕೆಲಸ ಬದಲಾದ ದಿನ ಅದು ಕಣ್ಣಿಗೆ ಬೀಳುತ್ತದೆ.

ನೋಂದಣಿ ಕಾಯ್ದೆಯ 19ನೇ ಕಲಮು ಇಲ್ಲಿ ನೆನಪಾಗಬೇಕು. ದಸ್ತಾವೇಜು ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯಲ್ಲಿದ್ದರೆ, ಬಳಕೆಯ ಭಾಷೆಗೆ ಮಾಡಿದ ನಿಜ ಅನುವಾದ ಜೊತೆಗಿಡಬೇಕು. ಇಲ್ಲದಿದ್ದರೆ ಅಧಿಕಾರಿ ನೋಂದಣಿ ನಿರಾಕರಿಸಬೇಕು. ಅಧಿಕಾರಿಗೆ ತಿಳಿಯಲಿ ಎಂಬ ಕಾಳಜಿ ಅಷ್ಟು ವಿವರವಾಗಿದೆ. ಸಹಿ ಹಾಕುವವರಿಗೆ ಅನುವಾದ ಕೊಡಬೇಕೆಂಬ ಅಂಥ ಮಾತು ಈ ಕಲಮಿನಲ್ಲಿಲ್ಲ. ಅದನ್ನು ಕೇಳಿ ಪಡೆಯಬೇಕಾದವರು ಬಾಡಿಗೆಯವರೇ. ಸೊಲ್ಲಾಪುರದಲ್ಲೋ ಮಿರಜದಲ್ಲೋ ಎರಡೂ ಭಾಷೆ ಓದಬಲ್ಲ ವಕೀಲರು, ಮೇಷ್ಟ್ರುಗಳು ಬೇಕಾದಷ್ಟಿದ್ದಾರೆ. ಹೆಬ್ಬೆರಳು ಒತ್ತುವ ಹಿಂದಿನ ದಿನ ಕರಡನ್ನು ಫೋನಿಗೆ ತರಿಸಿಕೊಂಡು ಅವರ ಮುಂದಿಟ್ಟರೆ ಅರ್ಧ ತಾಸಿನ ಕೆಲಸ.

ಆದರೆ ಮೂವರ ನಡುವಿನ ಒಪ್ಪಂದಕ್ಕೆ ಮರಾಠಿಯೂ ಬೇಡ, ಇಂಗ್ಲಿಷೂ ಬೇಡ. ಕರಾರು ಇಂಥದೇ ಭಾಷೆಯಲ್ಲಿರಬೇಕು ಎಂದು 1872ರ ಕಾಯ್ದೆ ಹೇಳುವುದಿಲ್ಲ. ನೋಟ್‌ಬುಕ್ಕಿನ ಹಾಳೆಯ ಮೇಲೆ ಕನ್ನಡದಲ್ಲಿ, ಅಥಣಿಯ ಮಾತಿನಲ್ಲೇ ಬರೆದು ಮೂವರೂ ಸಹಿ ಹಾಕಿದರೆ ಅದೂ ಕರಾರೇ. ಡಿಪಾಸಿಟ್‌ನಲ್ಲಿ ಯಾರದು ಎಷ್ಟು, ನಡುವೆ ಬಿಡುವವಳು ಎಷ್ಟು ದಿನ ಮೊದಲು ಹೇಳಬೇಕು, ಬದಲಿ ಗೆಳತಿ ಸಿಗುವವರೆಗೆ ಅವಳ ಪಾಲಿನ ಬಾಡಿಗೆ ಯಾರು ಕಟ್ಟಬೇಕು, ಮಹಾವಿತರಣದ ಕರೆಂಟ್ ಬಿಲ್ಲು ರಜೆಗೆ ಊರಿಗೆ ಹೋದ ತಿಂಗಳು ಹೇಗೆ ಹಂಚಬೇಕು, ಇವಿಷ್ಟು ಇದ್ದರೆ ಸಾಕು. ಹಾಳೆ ಬರೆಯುವುದು ಅತಿಯಾಯಿತು ಅನ್ನಿಸಿದರೆ ಮೂವರ ವಾಟ್ಸಾಪ್ ಗುಂಪಿನಲ್ಲಿ ಬರೆದು ಮೂವರೂ "ಹೂಂ" ಅಂದರೂ ಆದೀತು. ತಕರಾರು ಬಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಡನೆ ಅಂಥ ಸಂದೇಶವನ್ನು ಕೋರ್ಟಿನ ಮುಂದಿಡಬಹುದು. ಚಾಟ್ ಅಳಿಸಿಕೊಂಡಿರಬಾರದು ಅಷ್ಟೇ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಅಣ್ಣಂದಿರಿಗೆ ಮಿರಜದ 40,000 ಚಿಲ್ಲರೆ ಕಂಡೀತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಡಿಪಾಸಿಟ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿ ಮಾಡಿಕೊಂಡರಷ್ಟೇ ಬಲ. ಮೂರು ಮನೆಗಳಿಂದ ಕೂಡಿಸಿದ ದುಡ್ಡಿನಲ್ಲಿ ಹೊರಟವಳ ಪಾಲನ್ನು ಸಾಮಾನ್ಯವಾಗಿ ಒಳಬರುವ ಹೊಸಬಳು ಕೊಡುತ್ತಾಳೆ, ಮಾಲೀಕರ ಕೈಯಲ್ಲಿರುವ ಹಣ ಅಲ್ಲಾಡುವುದಿಲ್ಲ. ಲೆಕ್ಕ ಸರಿಯಾದಂತೆ ಕಾಣುತ್ತದೆ. ಆದರೆ ನೋಂದಣಿಯಾದ ಕಾಗದದಲ್ಲಿ ಹೊರಟವಳ ಹೆಸರೇ ಇದೆ, ದುಡ್ಡು ಹಾಕಿದ ಹೊಸಬಳ ಹೆಸರು ಎಲ್ಲೂ ಇಲ್ಲ. ಹೊರಗಿನವರನ್ನು ಇರಿಸಿಕೊಳ್ಳಬಾರದು ಎಂಬ ಷರತ್ತಿದ್ದರೆ ಅವಳೇ ಹೊರಗಿನವಳು. ಹಾಗಾಗಿ ಬದಲಿಯಾಗಿ ಬರುವವಳು ಹಣ ಕೊಡುವ ಮೊದಲು ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆಯನ್ನಾದರೂ ಬರಹದಲ್ಲಿ ಪಡೆಯಬೇಕು. ಹನ್ನೊಂದು ತಿಂಗಳು ಮುಗಿದ ಮೇಲೆ ಕರಾರು ತಾನಾಗಿ ಮುಂದುವರಿಯುವುದಿಲ್ಲ. ಹೊಸ ಕಾಗದ, ಹೊಸ ಶುಲ್ಕ, ಮತ್ತೆ ಹೆಬ್ಬೆರಳು. ಅವಳ ಹೆಸರು ಸೇರಿಸಿ, ಹೋದವಳ ಹೆಸರು ತೆಗೆಸಲು ಅದೇ ಹೊತ್ತು. ಆ ಬಾರಿಯ 1,000 ರೂಪಾಯಿಯನ್ನು ಕಾಕಾ ಕೊಡುತ್ತಾರೋ ಮೂವರು ಹಂಚಿಕೊಳ್ಳುತ್ತಾರೋ ಎಂಬುದನ್ನು ಚಹಾ ಬರುವ ಮೊದಲೇ ಕೇಳಬಹುದು, ಯಾವ ಭಾಷೆಯಲ್ಲಾದರೂ.